ಸ್ವಿಚ್ ಬೋರ್ಡಿನ ಬಳಿ ನಿಂತವರು

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಶಾಲೆಯ ಸಭಾಂಗಣದಲ್ಲಿ ಪ್ರತಿ ವರ್ಷ ಮಕ್ಕಳಿಗೆ ಕಾಗದದ ವಿಮಾನ ಹಾರಿಸುವ ಸ್ಪರ್ಧೆ ನಡೆಸುತ್ತಿದ್ದೆ. ಹಾರಿದ ದೂರವನ್ನು ನೆಲದ ಟೈಲ್ಸ್ ಎಣಿಸಿ ಅಳೆಯುತ್ತಿದ್ದೆವು. ಮುಗಿಯುವವರೆಗೆ ಫ್ಯಾನ್ ಹಾಕುವಂತಿಲ್ಲ ಎಂಬುದು ನಾನೇ ಬರೆದ ನಿಯಮ. ಅದನ್ನು ಕಾಯುತ್ತಿದ್ದವರು ಶಾಲೆಯ ಕಸ ಗುಡಿಸಿ ಗಂಟೆ ಬಾರಿಸುತ್ತಿದ್ದ ವಿಜಯಪುರದ ಕಡೆಯ ಹೆಂಗಸು. ಎಲ್ಲರಿಗೂ ಅವರು ಮಾವಶಿ, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಸೆಕೆ ಎಂದು ಯಾರು ಗೊಣಗಿದರೂ ಒಂದೇ ಉತ್ತರ: "ಎಲ್ಲಾರಿಗೂ ಒಂದ ಗಾಳಿ."

ಒಂದು ವರ್ಷ ಮುಖ್ಯ ಅತಿಥಿಗಳು ಸ್ಪರ್ಧೆ ಮುಗಿಯುವ ಮೊದಲೇ ಬಂದರು. ಅವರ ಅಂಗಿ ಒದ್ದೆಯಾಗಿತ್ತು. ಐದನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಬಾಕಿ ಇದ್ದಳು. ನಾನು ಫ್ಯಾನ್ ಹಾಕಲು ಹೇಳಿದೆ.

"ಇನ್ನೂ ಒಬ್ಬಾಕಿ ಉಳದಾಳ್ರಿ ಸರ."

"ಒಬ್ಬಳೇ ತಾನೇ ಮಾವಶಿ? ಸಾಹೇಬರು ಬೆವರ್ತಿದ್ದಾರೆ."

"ಅವ್ರಿಗೆ ನೀರ ಕೊಡ್ತೀನ್ರಿ. ರೂಲ್ ಬರದವ್ರು ನೀವ ಅಲ್ಲೇನ್ರಿ?"

ಅತಿಥಿಗಳು ನಕ್ಕರು. ನಾನು ಹುಡುಗಿಗೆ ಎಸೆಯಲು ಸನ್ನೆ ಮಾಡಿದೆ. ಹುಡುಗಿ ಎಸೆದಳು. ವಿಮಾನ ಹದಿನಾಲ್ಕು ಟೈಲ್ಸ್ ದಾಟಿ ಬಿತ್ತು. ಬಹುಮಾನಕ್ಕೆ ಇನ್ನೆರಡು ಬೇಕಿತ್ತು. ಅವಳೇ ಬಗ್ಗಿ ಮತ್ತೊಮ್ಮೆ ಎಣಿಸಿ, "ಬರೋಬರ್ ಹೈ ಸರ್" ಎಂದು ಲೆಕ್ಕ ಸರಿಯಿದೆಯೆಂದು ಒಪ್ಪಿ, ಹೋಗಿ ಸಾಲಿನಲ್ಲಿ ಕುಳಿತಳು. ಆಮೇಲೆ ಫ್ಯಾನ್ ತಿರುಗಿತು.

ಫ್ಯಾನ್ ಮೊದಲೇ ತಿರುಗಿದ್ದರೆ, ಸೋತ ಆ ಹುಡುಗಿಗೆ ನಾನು ಏನೆಂದು ಹೇಳುತ್ತಿದ್ದೆ? ಆ ಪ್ರಶ್ನೆಯಿಂದ ಮಾವಶಿ ನನ್ನನ್ನು ಉಳಿಸಿದರು. ಮರುವರ್ಷ ತೀರ್ಪುಗಾರರ ಪಟ್ಟಿಯಲ್ಲಿ ಅವರ ಹೆಸರನ್ನೇ ಮೊದಲು ಬರೆದು, ವೇದಿಕೆಯ ಮೇಲೆ ಕುರ್ಚಿ ಹಾಕಿಸಿದೆ. ಅವರು ಆ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಸ್ವಿಚ್ ಬೋರ್ಡಿನ ಕೆಳಗೆ ಹಾಕಿಕೊಂಡು ಕುಳಿತರು.