ರಾಣಿಗೆ ಕೊಡಲು ಏನೂ ಇರಲಿಲ್ಲ

ಮನೆಯಲ್ಲಿ ಕೊಡಲು ಏನೂ ಇಲ್ಲದ ದಿನ ಯಾರಾದರೂ ಬಂದರೆ ನಾನು ಪರದೆಯ ಹಿಂದೆ ನಿಲ್ಲುವವಳು. ಕೋಡುಬಳೆ ಡಬ್ಬ ಖಾಲಿಯಿದ್ದಾಗ ನಾದಿನಿ ಬಂದು, ಬೆಲ್ ಒತ್ತಿ, ವಾಪಸು ಹೋದದ್ದೂ ಉಂಟು. ಆದರೆ ಒಂದು ಕುದುರೆಗೆ ಮುಖ ತೋರಿಸಲಾಗದೆ ಮದುವೆ ಮೆರವಣಿಗೆಯನ್ನೇ ನಿಲ್ಲಿಸಿದ್ದು ಒಂದೇ ಸಲ.

ಅತ್ತಿಗುಪ್ಪೆಯ ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಮಸ್ತಾನ್ ತನ್ನ ಬಿಳಿ ಕುದುರೆ ರಾಣಿಯನ್ನು ಕಟ್ಟುತ್ತಾನೆ. ಮೆರವಣಿಗೆಯಲ್ಲಿ ವರನನ್ನು ಹೊರುವುದು ಅದರ ಕೆಲಸ. ದಿನಾ ಬೆಳಿಗ್ಗೆ ಅವನು ಅದನ್ನು ನಡೆಸಿಕೊಂಡು ಹೋಗುವಾಗ ನಾನು ನಮ್ಮ ಗೇಟಿನಲ್ಲಿ ಒಂದು ಕ್ಯಾರೆಟ್ ಕೊಡುತ್ತೇನೆ. ಅಂಗೈ ಚಪ್ಪಟೆಯಾಗಿ ಹಿಡಿಯಬೇಕು; ತನ್ನ ಮೂತಿಯ ಕೆಳಗಿರುವುದು ಕುದುರೆಗೆ ಕಾಣುವುದಿಲ್ಲ, ಬೆರಳು ಯಾವುದು, ಕ್ಯಾರೆಟ್ ಯಾವುದು ಎಂದು ತುಟಿಯಿಂದಲೇ ತಡಕಿ ತಿಳಿಯಬೇಕು. ಅದರ ಮನಸ್ಸಿನಲ್ಲಿರುವುದೆಲ್ಲ ಕಿವಿಯಲ್ಲಿ ಕಾಣುತ್ತದೆ. ಮುಂದಕ್ಕೆ ನಿಮಿರಿದರೆ ಕುತೂಹಲ. ಹಿಂದಕ್ಕೆ ಒತ್ತಿಕೊಂಡರೆ ನಾವು ಸರಿದು ನಿಲ್ಲುವುದು ಕ್ಷೇಮ. ನಮ್ಮ ಯಜಮಾನರಿಗೂ ಅಂಥ ಕಿವಿ ಇದ್ದಿದ್ದರೆ ಮೂವತ್ತು ವರ್ಷದಲ್ಲಿ ಎಷ್ಟೋ ಮಾತು ಉಳಿಯುತ್ತಿತ್ತು.

ಅವತ್ತು ಸಂಜೆ ವರನನ್ನು ಹೊತ್ತು ಛತ್ರಕ್ಕೆ ಹೊರಟ ರಾಣಿ ನಮ್ಮ ಗೇಟಿನ ಮುಂದೆ ನಿಂತುಬಿಟ್ಟಿತು. ಮನೆಯ ಕ್ಯಾರೆಟ್ಟೆಲ್ಲ ಹಿಂದಿನ ದಿನವೇ ಹಲ್ವಾ ಆಗಿತ್ತು; ಬೆಳಿಗ್ಗೆಯೂ ಅದಕ್ಕೆ ಕೊಟ್ಟಿರಲಿಲ್ಲ. ನಾನು ಅಭ್ಯಾಸದಂತೆ ಪರದೆಯ ಹಿಂದೆ. ಮಸ್ತಾನ್ ಎಳೆದರೂ, ತಟ್ಟಿದರೂ ಅದು ಕದಲಲಿಲ್ಲ. ಬ್ಯಾಂಡಿನವರು ಅದೇ ಹಾಡನ್ನು ಮೂರನೇ ಸಲ ಶುರುಮಾಡಿದರು. ವರನ ಅಜ್ಜಿ ಮಗನಿಗೆ ಹೇಳಿದ್ದು ಕಿಟಕಿಗೆ ಕೇಳಿಸಿತು.

"ಕುದ್ರೆ ಮುಂದಕ್ಕೆ ಹೋಗ್ತಿಲ್ಲ ಅಂದ್ರೆ ಏನೋ ಇದೆ ಕಣೋ. ಹುಡ್ಗಿ ಕಾಲ್ಗುಣ ಸರಿ ಇಲ್ವೇನೋ."

ಛತ್ರದಲ್ಲಿ ಅಲಂಕಾರ ಮಾಡಿಕೊಂಡು ಕೂತಿದ್ದ ಯಾರದೋ ಮನೆ ಮಗಳು ನನ್ನ ಹಲ್ವಾದ ದೆಸೆಯಿಂದ ಜೀವಮಾನವಿಡೀ ಮಾತು ಕೇಳಬೇಕಾಗುತ್ತಿತ್ತು. ನೈಟಿಯ ಮೇಲೆ ಟವೆಲ್ ಹೊದ್ದು ಹೊರಗೆ ಬಂದೆ.

"ಹುಡ್ಗೀದೇನೂ ಇಲ್ಲಮ್ಮ. ದಿನಾ ಕ್ಯಾರೆಟ್ ಕೊಟ್ಟು ಇಲ್ಲಿ ನಿಲ್ಲೋದು ಕಲಿಸಿದ್ದು ನಾನೇ. ಇವತ್ತು ಮನೇಲಿಲ್ಲ."

"ಬರಿಗೈನೇ ತೋರ್ಸಿ ಅಕ್ಕ," ಎಂದ ಮಸ್ತಾನ್.

ತೋರಿಸಿದೆ. ರಾಣಿ ಅಂಗೈಯನ್ನು ತುಟಿಯಿಂದ ಪೂರ್ತಿ ತಡಕಿತು, ಬೆಚ್ಚಗೆ ಒಮ್ಮೆ ಉಸಿರು ಬಿಟ್ಟಿತು, ಕಿವಿ ಮುಂದಕ್ಕೆ ಮಾಡಿಕೊಂಡೇ ಹೊರಟಿತು.

ಅಜ್ಜಿ ನನ್ನನ್ನೂ ನನ್ನ ಟವೆಲನ್ನೂ ನೋಡಿದರು. "ಕುದ್ರೆಗೆ ನಿಮ್ಮನ್ನ ಮಾತಾಡ್ಸ್ಕೊಂಡು ಹೋಗೋಣ ಅಂತಿತ್ತು, ಅಷ್ಟೇ. ಸೀರೆ ಉಟ್ಕೊಂಡು ಊಟಕ್ಕೆ ಬನ್ನಿ."

ಮುಂದಿನ ವಾರ ನಾದಿನಿ ಬೆಲ್ ಒತ್ತಿದಾಗ ಡಬ್ಬ ನೋಡಲು ಹೋಗದೆ ಬಾಗಿಲು ತೆಗೆದೆ. ಅವಳು ಒಂದು ಲೋಟ ನೀರು ಕುಡಿದು ಎರಡು ಗಂಟೆ ಕೂತಳು.