ಚೆಂಡಿಲ್ಲದ ಕಡೆಯ ಲೆಕ್ಕ

ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಮೊದಲ ಹಾಳೆಯಲ್ಲಿ ಒಂದು ಪಟ್ಟಿ: ಕಾಲೇಜು ಫುಟ್‌ಬಾಲಿನಲ್ಲಿ ಯಾವ ಅಂಕಿ ಮುಖ್ಯ, ಯಾವುದು ಅಲ್ಲ. ಎಲ್ಲಕ್ಕಿಂತ ಮೇಲೆ ಟ್ಯಾಕಲ್, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದು. ಎಲ್ಲಕ್ಕಿಂತ ಕೆಳಗೆ ‘ನಿಲುಗಡೆ’ ಎಂದು ಬರೆದು, ಅದರ ಮೇಲೆ ಗೆರೆ ಎಳೆದಿದ್ದೇನೆ. ಬರೆದ ಕೈಯೂ ನನ್ನದೇ, ಎಳೆದ ಕೈಯೂ ನನ್ನದೇ.

ಆಗ ನಾನು ನೈರೋಬಿಯ ಗಿಗಿರಿ ಬಡಾವಣೆಯ ಒಂದು ಕಚೇರಿಯಲ್ಲಿ ಅಂಕಿಅಂಶದ ಕೆಲಸ ಮಾಡುತ್ತಿದ್ದೆ. ಮನೆ ಸೌತ್ ಸಿಯಲ್ಲಿ. ಮಟಾಟು ಎನ್ನುವ ಬಾಡಿಗೆ ವ್ಯಾನುಗಳಿಗೆ ಹಳದಿ ಪಟ್ಟೆ ಬಂದ ಹೊಸತು. ಪಕ್ಕದ ಮನೆಯವರು ಮಂಗಳೂರು ಮೂಲದ ಕ್ರೈಸ್ತರು. ನೈರೋಬಿಯಲ್ಲೇ ಹುಟ್ಟಿ ಬೆಳೆದು, ಒಂದು ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್ ಆಗಿದ್ದರು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕರಾವಳಿ ಕನ್ನಡ.

‘ನೀವು ಎಂಥದೋ ಸ್ಟ್ಯಾಟಿಸ್ಟಿಕ್ಸ್ ಓದಿದ್ದಲ್ವಾ ಮಾರಾಯ್ರೆ?’ ಎಂದು ಒಂದು ದಿನ ಬೇಲಿಯ ಆಚೆಯಿಂದ ಕೇಳಿದರು. ‘ಶನಿವಾರ ಮನೆಯಲ್ಲಿ ಕೂತು ಎಂಥ ಮಾಡ್ತೀರಿ? ನಮ್ಮ ಹುಡುಗರದ್ದು ಸ್ವಲ್ಪ ಲೆಕ್ಕ ಬರೀರಿ.’

ಓದಿದ್ದಲ್ವಾ ಎಂದು ಯಾರಾದರೂ ಕೇಳಿದರೆ ನಾನು ಇಲ್ಲವೆನ್ನುವ ಜಾತಿಯಲ್ಲ. ಅಪ್ಪ ದಾವಣಗೆರೆಯ ಮಾರುಕಟ್ಟೆಯಲ್ಲಿ ಹಮಾಲಿ. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲ ಕೈ ನನ್ನದು. ಮರುವಾರವೇ ಪೆನ್ಸಿಲ್ ಚೂಪು ಮಾಡಿಕೊಂಡು ಹೋದೆ.

ಪಟ್ಟಿ ಮಾಡಿದ್ದು ನಾಲ್ಕು ಪಂದ್ಯ ನೋಡಿದ ಮೇಲೆ. ಚೆಂಡು ಎಷ್ಟು ಹೊತ್ತು ನಮ್ಮ ಬಳಿ ಇತ್ತು ಎಂಬುದು ಉಪಯೋಗವಿಲ್ಲದ ಲೆಕ್ಕ; ಸೋತ ಪಂದ್ಯದಲ್ಲೇ ಅದು ನಮ್ಮ ಬಳಿ ಹೆಚ್ಚು ಹೊತ್ತು ಇತ್ತು. ಗೋಲಿನತ್ತ ಒದ್ದದ್ದೂ ಅಷ್ಟೇ, ಈ ವಯಸ್ಸಿನವರು ಎಲ್ಲಿಂದ ಬೇಕಾದರೂ ಒದೆಯುತ್ತಾರೆ. ಕಾರ್ನರ್ ಎಣಿಸಿ ಏನೂ ಸಿಗಲಿಲ್ಲ. ಚೆಂಡು ಕಿತ್ತುಕೊಂಡವರೇ ಗೆಲ್ಲುತ್ತಿದ್ದರು. ಹಾಗಾಗಿ ಟ್ಯಾಕಲ್ ಮೇಲೆ ಹೋಯಿತು. ವಾದದಲ್ಲಿ ಎಲ್ಲೂ ತೂತಿಲ್ಲ ಅನ್ನಿಸಿತ್ತು.

ನಿಲುಗಡೆ ನನ್ನ ಖಾಸಗಿ ಕಾಲಂ. ಚೆಂಡು ಬೇರೆ ಕಡೆ ಇದ್ದಾಗ ಯಾರಾದರೂ ಮೊಣಕಾಲಿನ ಮೇಲೆ ಕೈಯೂರಿ, ತಲೆ ತಗ್ಗಿಸಿ ನಿಂತರೆ ಒಂದು ಚುಕ್ಕಿ. ಅಪ್ಪ ಮೂಟೆ ಇಳಿಸಿ ಹಾಗೇ ನಿಲ್ಲುತ್ತಿದ್ದ. ಗುಮಾಸ್ತ ಮೂಟೆ ಎಣಿಸುತ್ತಿದ್ದನೇ ಹೊರತು ಅಪ್ಪ ನಿಂತದ್ದನ್ನು ಎಣಿಸಲಿಲ್ಲ. ಕೋಚ್ ಆ ಕಾಲಂ ನೋಡಿ ನಕ್ಕರು. ‘ಇದೆಂಥದು, ಸುಮ್ನೆ ನಿಂತದ್ದಕ್ಕೂ ಮಾರ್ಕಾ?’ ನನಗೆ ನಾಚಿಕೆಯಾಯಿತು. ಓದಿದವನು ಮಾರುಕಟ್ಟೆಯ ಬುದ್ಧಿ ತೋರಿಸಿದೆನೇನೋ ಎಂದು ಅಲ್ಲೇ ಗೆರೆ ಎಳೆದೆ. ಕಣ್ಣು ಮಾತ್ರ ಕೇಳಲಿಲ್ಲ. ಹಾಳೆಯ ಅಂಚಿನಲ್ಲಿ ಚುಕ್ಕಿ ಬೀಳುತ್ತಲೇ ಇತ್ತು.

ತಂಡದ ನಾಯಕ ಸಮುದ್ರದ ಕಡೆಯವನು, ಮೀನುಗಾರರ ಮನೆ. ಮೂರನೇ ವರ್ಷದ ವಿದ್ಯಾರ್ಥಿ, ಅವರ ವಂಶದಲ್ಲಿ ಕಾಲೇಜಿಗೆ ಕಾಲಿಟ್ಟ ಮೊದಲಿಗ. ತಂಡದಲ್ಲಿ ಇರುವವರೆಗೆ ಫೀಸು ಮಾಫಿ. ನನ್ನನ್ನು ಮ್ವಾಲಿಮು, ಅಂದರೆ ಮೇಷ್ಟ್ರು, ಎಂದು ಕರೆಯುತ್ತಿದ್ದ. ಇಂಗ್ಲಿಷಿಗೆ ನನ್ನ ಹರಕು ಸ್ವಾಹಿಲಿ ಬೆರೆಸಿ ಮಾತು ನಡೆಯುತ್ತಿತ್ತು.

‘ಮ್ವಾಲಿಮು, ಈ ವಾರ ನಾನು ಎಷ್ಟನೆಯವನು?’

‘ಮೊದಲನೆಯವನು.’

‘ಕೇಳಿದಿರೇನ್ರೋ ಸೋಮಾರಿಗಳೇ? ಗಿಗಿರಿಯಿಂದ ಬಂದ ವಿಜ್ಞಾನ ಇದು!’ ಎಂದು ಉಳಿದವರನ್ನು ಛೇಡಿಸುತ್ತಿದ್ದ. ನನಗೂ ಎದೆ ಉಬ್ಬುತ್ತಿತ್ತು. ವಾರವಾರಕ್ಕೂ ಅವನ ಟ್ಯಾಕಲ್ ಏರುತ್ತಿತ್ತು. ಕೋಚ್ ನನ್ನ ಪಟ್ಟಿಯನ್ನು ಟೈಪ್ ಮಾಡಿಸಿ ಪ್ರಿನ್ಸಿಪಾಲರ ಕೋಣೆಯ ಹೊರಗೆ ಅಂಟಿಸಿದರು.

ಸೆಮಿಫೈನಲಿಗೆ ಹತ್ತು ದಿನ ಇರುವಾಗ ಊಟದ ಮೇಜಿನ ಮೇಲೆ ಎಲ್ಲ ಹಾಳೆಗಳನ್ನೂ ಹರಡಿ ಕೂತಿದ್ದೆ. ನಾಯಕನ ಟ್ಯಾಕಲ್ ಏರಿದ ವಾರಗಳಲ್ಲೇ ಅಂಚಿನಲ್ಲಿ ಅವನ ಚುಕ್ಕಿಗಳೂ ಏರಿದ್ದವು. ಮೊದಮೊದಲು ಒಂದೆರಡು, ಈಚೆಗೆ ಎಣಿಸಲು ಬೆರಳು ಸಾಲದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಮೊದಲು ಅವನು ಚೆಂಡು ಬರುವ ಜಾಗಕ್ಕೆ ಚೆಂಡಿಗಿಂತ ಮುಂಚೆ ಹೋಗಿ ನಿಂತಿರುತ್ತಿದ್ದ. ಕಿತ್ತುಕೊಳ್ಳುವ ಪ್ರಮೇಯವೇ ಇರಲಿಲ್ಲ. ಈಗ ತಡವಾಗಿ ಬರುತ್ತಿದ್ದ. ತಡವಾದ್ದರಿಂದ ಜಾರಿ ಬಿದ್ದು ಕಾಲು ಚಾಚುತ್ತಿದ್ದ. ನಾನು ಅದನ್ನು ಶೌರ್ಯ ಎಂದು ಬರೆದುಕೊಳ್ಳುತ್ತಿದ್ದೆ.

‘ಯಾಕ್ರೀ ಮುಖ ಹಿಂಗಿದೆ? ಸೋತ್ರಾ?’ ಎಂದಳು ಹೆಂಡತಿ.

‘ಇಲ್ಲ. ಗೆದ್ವಿ.’

ಮರುದಿನ ಬೇಲಿಯ ಬಳಿ ಕೋಚ್‌ಗೆ ಹೇಳಿದೆ: ಅವನಿಗೆ ಉಸಿರು ಸಾಲುತ್ತಿಲ್ಲ, ಡಾಕ್ಟರಿಗೆ ತೋರಿಸೋಣ.

‘ಅವನು ಸಮುದ್ರದ ಕಡೆಯವನು ಮಾರಾಯ್ರೆ. ನೈರೋಬಿ ಎತ್ತರದ ಊರು, ಇಲ್ಲಿಯ ತೆಳು ಗಾಳಿ ಅವನಿಗೆ ಆಗೋದಿಲ್ಲ, ಅಷ್ಟೇ.’

‘ಬಂದು ಎರಡು ವರ್ಷ ಆಯ್ತಲ್ಲ?’

‘ನಿಮ್ಮ ಪಟ್ಟಿಯಲ್ಲೇ ಅವನು ಫಸ್ಟ್ ಉಂಟಲ್ಲ! ಪ್ರಿನ್ಸಿಪಾಲರು ದಿನಾ ನೋಡ್ತಾರೆ. ಈಗ ಅದು ಸುಳ್ಳು ಅಂತ ನಾನು ಹೋಗಿ ಹೇಳೂದಾ?’

ಸುಳ್ಳಲ್ಲ, ಎಣಿಕೆ ಸರಿಯೇ ಇದೆ, ಅರ್ಥ ತಪ್ಪಾಗಿದೆ ಎಂದೆ. ಅವರು ಆಗಲೇ ಕಾರಿನ ಬಾಗಿಲು ತೆಗೆದಿದ್ದರು.

ಉಳಿದದ್ದು ಅವನೇ. ಅಭ್ಯಾಸದ ನಂತರ ಒಬ್ಬನನ್ನೇ ಕೂರಿಸಿ ಚುಕ್ಕಿಗಳನ್ನು ತೋರಿಸಿದೆ. ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದ. ಮೈದಾನದಾಚೆ ಜಾಲಿಮರದ ತುದಿಯಲ್ಲಿ ಮರಬು ಕೊಕ್ಕರೆಗಳು, ಕಸ ತಿಂದು ಬೋಳುತಲೆ ಹುದುಗಿಸಿಕೊಂಡು, ಕೂತಿದ್ದವು.

‘ಚಿಕ್ಕಂದಿನಲ್ಲಿ ಜ್ವರ ಬಂದು ಕೀಲೆಲ್ಲ ಊದಿತ್ತು,’ ಎಂದ. ‘ಆಗ ಡಾಕ್ಟರ್ ಎದೆಗೆ ಕೊಳವೆ ಇಟ್ಟು ಕೇಳಿ ನನ್ನ ತಾಯಿಯನ್ನು ಹೊರಗೆ ಕರೆದುಕೊಂಡು ಹೋದರು. ಏನು ಹೇಳಿದರೋ, ಅಮ್ಮ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.’

‘ಈಗಲಾದರೂ ಕೇಳು.’

‘ಕೇಳಿದರೆ ತಂಡದಿಂದ ಹೊರಗೆ. ತಂಡದಿಂದ ಹೊರಗೆ ಅಂದರೆ ಕಾಲೇಜಿನಿಂದ ಹೊರಗೆ. ಇನ್ನೊಂದೇ ವರ್ಷ, ಮ್ವಾಲಿಮು. ನಿಮ್ಮ ಮನೆಯಲ್ಲಿ ಮೊದಲು ಓದಿದವರು ಯಾರು?’

‘ನಾನೇ.’

‘ಹಾಗಾದರೆ ಚುಕ್ಕಿ ಹಾಕಬೇಡಿ.’

ಕಾಮಾಲೆಯನ್ನು ಮೈಯಲ್ಲಿಟ್ಟುಕೊಂಡು ಪದವಿ ಪರೀಕ್ಷೆ ಬರೆದವನು ನಾನು. ಮೂತ್ರ ಅರಿಶಿನ ನೀರಾಗಿತ್ತು; ಬಿಡಲಿಲ್ಲ. ಆ ಕಥೆಯನ್ನು ಕಚೇರಿಯಲ್ಲಿ, ನೆಂಟರಲ್ಲಿ, ಮಗಳಿಗೆ ಎಷ್ಟು ಸಲ ಹೇಳಿಕೊಂಡಿದ್ದೇನೋ. ಅಂಥವನು ಅವನಿಗೆ ಬಿಡು ಎಂದು ಯಾವ ಬಾಯಲ್ಲಿ ಹೇಳಲಿ? ಪ್ರಿನ್ಸಿಪಾಲರ ಕೋಣೆಯ ತನಕ ಹೋದೆ. ಗೋಡೆಯ ಮೇಲೆ ನನ್ನ ಪಟ್ಟಿ ನೋಡಿದೆ. ಬಾಗಿಲು ತಟ್ಟದೆ ವಾಪಸ್ ಬಂದೆ. ಅದಕ್ಕೆ ಕರುಣೆ ಎಂದು ಆ ದಿನ ಹೆಸರಿಟ್ಟುಕೊಂಡಿದ್ದೆ.

ಸೆಮಿಫೈನಲ್ ದಿನ ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಅವನ ಟ್ಯಾಕಲ್ ಕಾಲಂ ಅರ್ಧ ಆಟಕ್ಕೇ ತುಂಬುತ್ತ ಬಂತು. ಅವನ ತುಟಿ ಬೂದಿಬಣ್ಣಕ್ಕೆ ತಿರುಗಿದ್ದು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಬಿಡುವಿನಲ್ಲಿ ನನ್ನತ್ತ ನೋಡಿ ಪೆನ್ಸಿಲ್ ಕೆಳಗಿಡುವ ಸನ್ನೆ ಮಾಡಿ ನಕ್ಕ. ನಾನು ನೋಟ್‌ಬುಕ್ ಮುಚ್ಚಿದೆ.

ಮುಚ್ಚಿದರೆ ಏನು, ಕಣ್ಣು ಅವನ ಮೇಲೇ ಇತ್ತು. ನಮ್ಮವರು ಚೆಂಡನ್ನು ಆ ತುದಿಗೆ ಒಯ್ದರು. ಎಲ್ಲರೂ ಎದ್ದು ನಿಂತರು. ಈ ತುದಿಯಲ್ಲಿ ಅವನು ಮೊಣಕಾಲಿಗೆ ಕೈಯೂರಿದ. ಅಪ್ಪ ನಿಂತಂತೆಯೇ ನಿಂತ. ಆಮೇಲೆ ಒಂದು ಕೈ ಜಾರಿತು. ಕೆಂಪು ಮಣ್ಣಿನ ಮೇಲೆ ಮಗ್ಗುಲಾದ. ಅದೇ ಗಳಿಗೆಗೆ ಆ ತುದಿಯಲ್ಲಿ ಗೋಲಾಯಿತು, ಮೈದಾನವೆಲ್ಲ ಕೇಕೆ. ಅಷ್ಟು ಜನರಲ್ಲಿ ಅವನು ಬಿದ್ದದ್ದನ್ನು ಕಂಡವನು ನಾನೊಬ್ಬನೇ. ಕಚೇರಿಯ ಬೂಟಿನಲ್ಲೇ ಓಡಿದೆ. ಕೂಗಿದೆ, ಕನ್ನಡದಲ್ಲಿ ಕೂಗಿದೆನಂತೆ. ಅದು ಅರ್ಥವಾದದ್ದು ಕೋಚ್ ಒಬ್ಬರಿಗೇ. ಮೊದಲು ತಿರುಗಿ ನೋಡಿದವರೂ ಅವರೇ. ಕಾರು ತಂದವರೂ ಅವರೇ.

ಚಿಕ್ಕಂದಿನ ಆ ಜ್ವರದಲ್ಲೇ ಹೃದಯದ ಕವಾಟ ಹಾಳಾಗಿತ್ತು. ಅವನು ಉಳಿದ. ಪದವಿ ಉಳಿಯಲಿಲ್ಲ. ಆಡದವನಿಗೆ ಮಾಫಿ ಇಲ್ಲ ಎಂದು ಕಾಲೇಜು ಹೇಳಿತು. ನಾನೂ ಕೋಚ್ ಕೂಡ ಹೋಗಿ ವಾದಿಸಿದೆವು, ಕೇಳಲಿಲ್ಲ. ತಾಯಿ ಬಂದು ಊರಿಗೆ ಕರೆದುಕೊಂಡು ಹೋದಳು.

ಅದಕ್ಕೆ ಮುಂಚೆ ಆಸ್ಪತ್ರೆಯಲ್ಲಿ ಒಮ್ಮೆ ನೋಡಿದ್ದೆ. ಮೂಗಿನಲ್ಲಿ ಕೊಳವೆ. ಪೋಲೆ ಎಂದೆ, ಕ್ಷಮಿಸು ಎಂಬಂತೆ. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

‘ಆ ದಿನ ಎಷ್ಟು ಟ್ಯಾಕಲ್ ಆಗಿತ್ತು, ಮ್ವಾಲಿಮು?’

ಅರ್ಧ ಆಟದವರೆಗಿನ ಲೆಕ್ಕ ಹೇಳಿದೆ.

‘ಹಾಗಾದರೆ ಆ ದಿನವೂ ನಾನೇ ಮೊದಲು,’ ಎಂದು ಕಣ್ಣು ಮುಚ್ಚಿಕೊಂಡ.

ಹೌದು ಎಂದೆ. ಲೆಕ್ಕದ ಪ್ರಕಾರ ಅದು ನಿಜವಾಗಿತ್ತು.