ಊರು ಸುತ್ತುವ ಬಸ್ಸಿನಲ್ಲೊಂದು ಜಾಗ

ನಾನು ಗೋಕಾಕಕ್ಕೆ ಬಂದ ಹೊಸದರಲ್ಲೇ ಪೇಟೆಯೊಳಗೆ ಸುತ್ತುವ ಬಸ್ಸು ಶುರುವಾಯಿತು. ಹೆಂಗಸರು ಅದಕ್ಕೆ ಆರತಿ ಎತ್ತಿದರು, ಕುಂಕುಮ ಹಚ್ಚಿದರು, ಚಕ್ರದ ಮುಂದೆ ಕಾಯಿ ಒಡೆದರು. ಆಮೇಲೆ ಬಸ್ಸು ಹೊರಟಿತು. ನನ್ನ ಹೊರತು ಯಾರೂ ಹತ್ತಲಿಲ್ಲ. ಎಲ್ಲರೂ ಅದನ್ನು ಹೊಗಳುತ್ತಾ ಅದರ ಪಕ್ಕದಲ್ಲೇ ನಡೆದುಹೋದರು.

ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವ ಮೈಸೂರಿನವರು ನಾವು. ನನಗೆ ಇದು ಅರ್ಥವಾಗಲಿಲ್ಲ.

ರಾಜ್ಯ ಒಂದಾದ ಮೇಲೆ, ಪದವಿ ಮುಗಿಸಿ, ಗೋಕಾಕದ ಹೆಣ್ಣುಮಕ್ಕಳ ಶಾಲೆಗೆ ಬಂದೆ. ಭಾಷೆ ಒಂದೇ ಎಂಬ ಧೈರ್ಯವಿತ್ತು. ಆದರೂ ಮೊದಲ ದಿನಗಳು ಬರೀ ತಲೆಯಾಡಿಸುವುದರಲ್ಲಿ ಕಳೆದವು. ಶಾಲೆ ಅಲ್ಲಿ ಸಾಲಿ. ಪಾಠ ಹೇಳುವ ಹೆಂಗಸು ಅಕ್ಕಾರ. ಊಟದಲ್ಲಿ ಅನ್ನ ಕಾಣದ ಮೊದಲ ರಾತ್ರಿ ಅತ್ತಿದ್ದೆ ಎಂದು ನನ್ನ ದಿನಚರಿಯಲ್ಲಿದೆ. ನನಗೆ ನೆನಪಿರುವುದು ಮನೆಯೊಡತಿ ಗಂಗವ್ವ ಬಡಿಸಿದ ಬಿಸಿ ರೊಟ್ಟಿಯ ರುಚಿ ಮಾತ್ರ. ಯಾವುದನ್ನು ನಂಬಲಿ?

ಬಾಲ್ಯದ ಜ್ವರದಿಂದ ನನ್ನ ಎಡಗಾಲು ಸೊರಗಿದೆ. ಶಾಲೆ ಇರುವುದು ಏರಿನ ಮೇಲೆ. ಈ ಬಸ್ಸು ನಿಂತೇಹೋದರೆ ಕೆಲಸ ಬಿಟ್ಟು ಊರಿಗೆ ಮರಳುವುದೊಂದೇ ದಾರಿ.

"ನೀವೂ ಹತ್ತಿ ಗಂಗವ್ವ" ಎಂದು ಒಂದು ದಿನ ಕರೆದೆ.

"ನನ್ನ ಕಾಲಿಗೇನ್ ಧಾಡಿ ಆಗೇತ್ರಿ ಅಕ್ಕಾರ? ನಾ ಕುಂತ್ರ ದವಾಖಾನಿಗೆ ಹೋಗೋರು ಎಲ್ಲಿ ಕುಂದರಬೇಕು?"

ಊರಿಗೆ ಊರೇ ಹೀಗೆ ಯೋಚಿಸಿತ್ತು. ಬಸ್ಸು ತಮ್ಮದು ಎಂಬ ಪ್ರೀತಿಗೆ ಅದರೊಳಗಿನ ಜಾಗವನ್ನೆಲ್ಲ ಕೈಲಾಗದವರಿಗೆ ಬಿಟ್ಟುಕೊಟ್ಟಿತ್ತು.

ಕೊನೆಗೊಂದು ಸಂಜೆ ಕಂಡಕ್ಟರ್ ರಾಮಣ್ಣ ನನ್ನನ್ನು ಮನೆಯ ಮುಂದೆ ಇಳಿಸುತ್ತಾ ಹೇಳಿದ: "ಸೋಮವಾರದಿಂದ ಈ ಗಾಡಿ ಯಮಕನಮರಡಿ ಕಡೆ ಹೋಗತೈತ್ರಿ. ಇಲ್ಲಿ ಮಂದಿಗಿ ಬಸ್ ಬೇಕಾಗಿಲ್ಲಂತ ಮ್ಯಾಲಿನವರು ಅಂದಾರ."

ಕಟ್ಟೆಯ ಮೇಲಿದ್ದ ಗಂಗವ್ವ ಎದ್ದು ನಿಂತರು. "ಬ್ಯಾಡಂತ ಯಾವನೋ ಅಂದಾಂವ? ಆರತಿ ಮಾಡೇವಿ!"

"ಆರತಿ ಅವರಿಗಿ ಕಾಣೂದಿಲ್ಲಬೇ ಆಯಿ. ಖಾಲಿ ಸೀಟ್ ಕಾಣತಾವ."

ಗಂಗವ್ವ ನನ್ನ ಕಾಲಿನತ್ತ ನೋಡಿದರು.

ಮರುದಿನ ಅವರು ಮರದ ತುಂಬ ಜೋಳ ಹಿಡಿದು ಬಸ್ಸು ಹತ್ತಿದರು; ನಮ್ಮ ಮೊರವನ್ನೇ ಅಲ್ಲಿ ಮರ ಎನ್ನುತ್ತಾರೆ. ಹಿಂದೆಯೇ ಓಣಿಯ ಹೆಂಗಸರು. ಬಸ್ಸು ತುಂಬಿತ್ತು ಎಂದು ಬರೆಯಲು ಕೈ ಮುಂದಾಗುತ್ತದೆ. ನಿಜಕ್ಕೂ ತುಂಬಿತ್ತೇ? ಕೃತಜ್ಞತೆ ನಾಲ್ವರನ್ನು ನಲವತ್ತು ಮಾಡಬಲ್ಲದು. ಗದ್ದಲವಂತೂ ತುಂಬಿತ್ತು.

"ಎಲ್ಲಿಗಬೇ ಆಯಿ?" ಎಂದ ರಾಮಣ್ಣ.

"ಎಲ್ಲಿಗೂ ಇಲ್ಲ. ಜ್ವಾಳ ಹಸನ ಮಾಡಾಕ ಬಂದೇನಿ. ಇಲ್ಲೇ ಹತ್ತೇನಿ, ಇಲ್ಲೇ ಇಳೀತೇನಿ."

"ಜ್ವಾಳದಾಗಿನ ಕಲ್ಲ ಕಿಟಕ್ಯಾಗಿಂದ ಒಗೀಬ್ಯಾಡ ಮತ್ತ, ಯಾರರ ತಲಿಗಿ ಬಡದಾವು!"

"ನಿನ್ನ ಚೀಲದಾಗ ಹಾಕ್ತೇನಿ ತಗೋ!"

ದವಾಖಾನೆಯ ಬಳಿ ತುಂಬು ಬಸುರಿಯೊಬ್ಬಳು ಹತ್ತಿದಳು. ಮೂವರು ಒಟ್ಟಿಗೆ ಎದ್ದರು. ಜಾಗ ಬಿಡಲು ಮೊದಲು ಅದರಲ್ಲಿ ಕುಳಿತಿರಬೇಕು ಎಂಬುದು ಅವರಿಗೆ ಹೊಸ ಸುಖದಂತೆ ಕಂಡಿತು.

ಆ ಸೋಮವಾರ ಬಸ್ಸು ಯಮಕನಮರಡಿಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಸಂತೆಗೆ, ಕಚೇರಿಗೆ ಹೋಗುವವರೂ ಹತ್ತತೊಡಗಿದರು. ನಾನು ಉಳಿದೆ.

ಈ ಬೇಸಿಗೆ ರಜೆಗೆ ಮೈಸೂರಿಗೆ ಹೊರಟಾಗ ಗಂಗವ್ವ ಅದೇ ಬಸ್ಸಿನಲ್ಲಿ ನಿಲ್ದಾಣದವರೆಗೆ ಬಂದರು. ನಾನು ಇಳಿದೆ, ಅವರು ಇಳಿಯಲಿಲ್ಲ. ನಾನು ಎದ್ದ ಜಾಗದ ಮೇಲೆ ಮರ ಇಟ್ಟು, "ಲಗೂನ ಬರ್ರಿ ಅಕ್ಕಾರ, ಹಿಡದಿರ್ತೇನಿ" ಎಂದು ಕೂಗಿದರು.

ಮೈಸೂರಿನಲ್ಲಿ ಅಮ್ಮ ನನ್ನ ಹಳೆಯ ಕೋಣೆಯನ್ನು ಯಾರಿಗೂ ಕೊಡದೆ ಹಾಗೇ ಇಟ್ಟಿದ್ದಾಳೆ. ಅದರಲ್ಲಿ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಸುಖವಾಗಿದ್ದೇನೆ. ಆದರೂ ಬೀದಿಯಲ್ಲಿ ಬಸ್ಸಿನ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತೇನೆ.